ಅಪ್ಪ ಒಂದು ಕುಡ್ತೆ ಅಕ್ಕಿ ಬೇಯಿಸಿದ್ದು

ಅಮ್ಮ ಬೆಂಗಳೂರಿಗೆ ಹೊರಡುತ್ತಾಳೆ ಎಂದು ಗೊತ್ತಾದಾಗ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಮಾತು: "ಅಪ್ಪನ ಊಟಕ್ಕೆ ಎಂತ ಮಾಡಿದಿರಿ?" ತಂಗಿಯದು ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಮ್ಮ ಕೆಲವು ತಿಂಗಳಾದರೂ ಅಲ್ಲಿರಬೇಕು. ನಮ್ಮ ಕಾಸರಗೋಡು ಕಡೆಯ ಬದಿಯಡ್ಕ ಪೇಟೆಯಲ್ಲಿ ಕಂಡವರು, ದೇವಸ್ಥಾನದ ಜಗಲಿಯಲ್ಲಿ ಮಾತಿಗೆ ಕೂತವರು, ಫೋನು ಮಾಡಿದ ಅತ್ತೆಯಂದಿರು, ಎಲ್ಲರಿಗೂ ಅದೇ ಚಿಂತೆ. ಮೊಣಕಾಲು ನೋವಿನ ಅಮ್ಮ ಆ ಫ್ಲಾಟಿನಲ್ಲಿ ಬಾಣಂತಿಯ ಪಥ್ಯ, ಮಗುವಿನ ಎಣ್ಣೆನೀರು, ಅಳಿಯನ ಬುತ್ತಿ ಇಷ್ಟನ್ನೂ ಹೇಗೆ ಸುಧಾರಿಸುತ್ತಾಳೆ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರದು ನಿಜವಾದ ಕಾಳಜಿಯೇ. ಪಕ್ಕದ ಮನೆಯ ಚಿಕ್ಕಮ್ಮ ಆಮೇಲೆ ಎಷ್ಟೋ ದಿನ ಮೇಲಾರವನ್ನೋ ಬೋಳುಕೊದಿಲನ್ನೋ ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದ್ದಾರೆ. ಆದರೂ ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಎಪ್ಪತ್ತು ದಾಟಿದ, ಇವತ್ತಿಗೂ ತೋಟಕ್ಕೆ ನೀರು ಬಿಡಲು ಗುಡ್ಡ ಹತ್ತಿ ಇಳಿಯುವ, ಯಾರ ಮನೆಯ ಜಂಬರ, ಅಂದರೆ ಮದುವೆ ಮುಂಜಿಯಂಥ ಸಮಾರಂಭವಾದರೂ ಹಿಂದಿನ ದಿನವೇ ಹೋಗಿ ಕೆಲಸಕ್ಕೆ ನಿಲ್ಲುವ ಒಬ್ಬ ಮನುಷ್ಯ ತನ್ನ ಮನೆಯಲ್ಲಿ ತನ್ನ ಹೊಟ್ಟೆಗೆ ಬೇಕಾದಷ್ಟು ಅನ್ನ ಮಾಡಿಕೊಳ್ಳಲಾರ ಎಂದು ಇಡೀ ಊರು ಮಾತಿಲ್ಲದೆ ಒಪ್ಪಿಕೊಂಡಿದೆ. ನಾನೂ ಒಪ್ಪಿಕೊಂಡೇ ಬೆಳೆದಿದ್ದೆ.

ಅಪ್ಪನೇ ಒಪ್ಪಲಿಲ್ಲ. ಪೇಟೆಯಿಂದ ಊಟ ತರಿಸುವುದು, ನಾನು ಶನಿವಾರ ಬಂದು ಅಡಿಗೆ ಮಾಡಿ ಫ್ರಿಜ್ಜಿನಲ್ಲಿಡುವುದು, ಚಿಕ್ಕಮ್ಮನ ಮನೆಗೆ ಹೋಗುವುದು, ಹೀಗೆ ನಾವೆಲ್ಲ ಏರ್ಪಾಡು ಮಾತಾಡುತ್ತಿದ್ದಾಗ ಅವನು ಎಲೆಯಡಿಕೆ ತಟ್ಟೆ ಬದಿಗಿಟ್ಟು ಹೇಳಿದ್ದು ಇಷ್ಟೇ: "ಪದಾರ್ಥ ಆರಾರೂ ಕೊಡಲಿ. ಅಶನ ಆನೇ ಮಡುಗುತ್ತೆ." ಮೇಲೋಗರ ಯಾರಾದರೂ ಕೊಡಲಿ, ಅನ್ನ ನಾನೇ ಇಡುತ್ತೇನೆ ಎಂದು.

ಮುಡಿ ಕಟ್ಟಿದ ಕೈ

ಅಪ್ಪನಿಗೆ ಅಕ್ಕಿ ಹೊಸದಲ್ಲ. ಅದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. ಈಗ ಅಡಿಕೆ ಇರುವ ಕೆಳಗಿನ ತಟ್ಟು ನಾನು ಚಿಕ್ಕವಳಿದ್ದಾಗ ಗದ್ದೆ. ಏಣಿಲು, ಸುಗ್ಗಿ ಎರಡು ಬೆಳೆ. ನೀರು ನಿಂತ ವರ್ಷ ಒಂದು ತುಂಡು ಗದ್ದೆಯಲ್ಲಿ ಕೊಳಕೆ ಎಂಬ ಮೂರನೇ ಬೆಳೆಯೂ ಆಗುತ್ತಿತ್ತು. ಬೀಜ ನೆನೆಹಾಕುವುದರಿಂದ ಪತ್ತಾಯಕ್ಕೆ, ಅಂದರೆ ಭತ್ತದ ದೊಡ್ಡ ಪೆಟ್ಟಿಗೆಗೆ, ತುಂಬುವವರೆಗೆ ಅಪ್ಪ ಇಲ್ಲದ ಕೆಲಸವಿಲ್ಲ. ಮೊಳಕೆ ಬಂದ ಬೀಜವನ್ನು ಅಂಗೈಯಲ್ಲಿ ಹರವಿ ಮೂಸಿ, ಹುಳಿವಾಸನೆ ಇದೆಯೋ ಎಂದು ನೋಡುತ್ತಿದ್ದ. ಕೊಯ್ದ ಕಟ್ಟನ್ನು ಪಡಿಮಂಚಕ್ಕೆ ಬಡಿಯುವಾಗ ಅವನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದ ಹುಲ್ಲಿನ ಚೂರು, ರಾತ್ರಿ ಬಿಸಿನೀರಿನ ಹಂಡೆಯ ಹತ್ತಿರ ಅದನ್ನು ಅಮ್ಮ ಬೈರಾಸಿನಲ್ಲಿ ಉಜ್ಜಿ ತೆಗೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅದಕ್ಕಿಂತಲೂ ನೆನಪಿರುವುದು ಭತ್ತ ಬೇಯಿಸುವ ದಿನ. ಕುಚ್ಚಲಕ್ಕಿ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಈ ಕಾಲದಲ್ಲಿ ಅದನ್ನು ನೋಡಿದ ಮಕ್ಕಳು ಕಡಿಮೆ. ರಾತ್ರಿಯಿಡೀ ನೆನೆದ ಭತ್ತವನ್ನು ನಸುಕಿಗೆ ಮುಂಚೆ ಅಂಗಳದ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆಗೆ ತುಂಬಿ ಉರಿ ಹಾಕುತ್ತಿದ್ದರು. ಒಲೆಗೆ ತೆಂಗಿನ ಕೊತ್ತಳಿಗೆ, ಒಣಗಿದ ಅಡಿಕೆ ಸೋಗೆಯ ದಂಟು. ಸ್ವಲ್ಪ ಹೊತ್ತಿಗೆ ಹೊಟ್ಟು ಬೆಂದ ಒಂದು ವಾಸನೆ ಏಳುತ್ತಿತ್ತು, ಒದ್ದೆ ಹುಲ್ಲು ಮತ್ತು ಗಂಜಿ ಎರಡೂ ಸೇರಿದ ವಾಸನೆ. ಅಪ್ಪ ಕೈಯಲ್ಲಿ ಒಂದು ಹಿಡಿ ಭತ್ತ ತೆಗೆದು ಕಾಳಿನ ಬಾಯಿ ಬಿರಿದಿದೆಯೋ ನೋಡಿ, ಉರಿ ಹಿಂದಕ್ಕೆ ಎಳೆಯಲು ಹೇಳುತ್ತಿದ್ದ. ಬೆಂದದ್ದನ್ನು ಬಸಿದು, ಸಗಣಿ ಸಾರಿಸಿದ ಅಂಗಳದಲ್ಲಿ ಚಾಪೆ ಹಾಸಿ ಹರವಿ, ದಿನವಿಡೀ ಕಾಲಲ್ಲಿ ಗೆರೆ ಎಳೆದು ಮಗುಚಿ ಒಣಗಿಸಬೇಕು. ಒಣಗಿದ್ದು ಹೆಚ್ಚಾದರೆ ಮಿಲ್ಲಿನಲ್ಲಿ ನುಚ್ಚಾಗುತ್ತದೆ, ಕಡಿಮೆಯಾದರೆ ಮುಗ್ಗುತ್ತದೆ. ಹೀಗೆ ಹೊಟ್ಟಿನೊಳಗೇ ಒಮ್ಮೆ ಬೆಂದು ಒಣಗುವುದರಿಂದಲೇ ಕುಚ್ಚಲಕ್ಕಿಯ ಕಾಳು ಗಾಜಿನ ಹಾಗೆ ಗಟ್ಟಿ. ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವದ ಒಂದಷ್ಟು ಭಾಗ ಬೇಯುವಾಗ ಕಾಳಿನ ಒಳಗೆ ಇಳಿಯುತ್ತದೆ, ಮಿಲ್ಲಿಗೆ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. ಅನ್ನ ಅಂಟುವುದಿಲ್ಲ, ಉದುರಾಗಿರುತ್ತದೆ. ಆದರೆ ಅದೇ ಗಟ್ಟಿತನದಿಂದಾಗಿ ಒಲೆಯ ಮೇಲೆ ಬೆಳ್ತಿಗೆಗಿಂತ, ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿಗಿಂತ, ಎರಡು ಪಟ್ಟು ಹೊತ್ತು ಕೇಳುತ್ತದೆ.

ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ದೊಣ್ಣೆಯಲ್ಲಿ ತಟ್ಟಿ ತಟ್ಟಿ ಮುಡಿ ಕಟ್ಟುವುದು ಅಪ್ಪನ ಕೈಕೆಲಸ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು ಎಂದು ನಾನು ಲೆಕ್ಕ ಕಲಿತದ್ದು ಶಾಲೆಯಲ್ಲಲ್ಲ, ಮುಡಿ ಕಟ್ಟುವಾಗ ಹುರಿಹಗ್ಗದ ತುದಿ ಹಿಡಿದು ಕೂತು. ಇಷ್ಟೆಲ್ಲ ಗೊತ್ತಿದ್ದ ಅಪ್ಪ ಒಳಗಿನ ಒಲೆಯ ಮುಂದೆ ನಿಂತದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಬೀಜದಿಂದ ಪತ್ತಾಯದವರೆಗೆ ಅವನದು. ಪತ್ತಾಯದಿಂದ ಬಾಳೆಲೆಯವರೆಗೆ ಇರುವ ಒಂದು ಗಂಟೆ, ದಿನಕ್ಕೆ ಎರಡು ಸಲ, ಐವತ್ತು ವರ್ಷ, ಅದು ಅಮ್ಮನದು. ಹೊರಗಿನ ಹಂಡೆಯಲ್ಲಿ ಭತ್ತ ಬೇಯಿಸಿದವನಿಗೆ ಒಳಗಿನ ಪಾತ್ರೆಯಲ್ಲಿ ಅಕ್ಕಿ ಬೇಯಿಸಲು ಬರುವುದಿಲ್ಲ ಎಂಬುದು ಕೈಗೆ ಸಂಬಂಧಪಟ್ಟ ವಿಷಯವೇ ಅಲ್ಲ, ಹೊಸಿಲಿಗೆ ಸಂಬಂಧಪಟ್ಟದ್ದು.

ಕೊಪ್ಪರಿಗೆಯ ಮುಂದೆ

ಇನ್ನೂ ಒಂದು ವಿಷಯ. ನಮ್ಮ ಕಡೆಯ ಗಂಡಸರು ಅಡಿಗೆ ಮಾಡುವುದೇ ಇಲ್ಲ ಎಂದರೆ ಅದು ಸುಳ್ಳು. ಜಂಬರದ ಅಡಿಗೆ ಪೂರ್ತಿ ಗಂಡಸರದೇ. ಹಿಂದಿನ ಸಂಜೆ ಬೆಂದಿಗೆ ತರಕಾರಿ ಕೊರೆಯಲು ಊರಿನವರು ಸೇರುತ್ತಾರಲ್ಲ, ಅಲ್ಲಿ ಅಪ್ಪ ತನ್ನದೇ ಕತ್ತಿ ಹಿಡಿದು ಹೋಗುತ್ತಾನೆ. ಸೌತೆ, ಕುಂಬಳ, ತೊಂಡೆ ರಾಶಿಯ ಸುತ್ತ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಅಡಿಕೆ ರೇಟು ಮಾತಾಡುತ್ತ, ಸಾಂಬಾರಿಗೆ ಹೋಳು ಎಷ್ಟು ದೊಡ್ಡ, ಪಲ್ಯಕ್ಕೆ ಎಷ್ಟು ಸಣ್ಣ ಎಂದು ಅಡಿಗೆಯ ಭಟ್ಟರು ತೋರಿಸಿದ ಒಂದು ತುಂಡನ್ನು ಅಳತೆಗಿಟ್ಟುಕೊಂಡು ಕೊರೆಯುತ್ತಾನೆ. ಮರುದಿನ ಹಾಳೆಯ ಸಾಲಿನಲ್ಲಿ ಬಡಿಸುತ್ತಾನೆ. ಈ ಎರಡರ ನಡುವೆ ಕೊಪ್ಪರಿಗೆಯ ಹತ್ತಿರವೂ ಇರುತ್ತಾನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಯಲ್ಲೇ ಒಂದು ಮದುವೆಯಾಯಿತು, ಚಿಕ್ಕಪ್ಪನದು. ಹಿತ್ತಿಲಲ್ಲಿ ಸೋಗೆಯ ಚಪ್ಪರ ಹಾಕಿ ಕೋಡಿ ಒಲೆ ತೋಡಿದ್ದರು. ನೀರು ಮರಳಿ ಅಕ್ಕಿ ಹಾಕಿದ ಮೇಲೆ ಭಟ್ಟರು ಒಂದು ಮಾತೂ ಆಡದೆ ಸುಮ್ಮನೆ ಕೊಪ್ಪರಿಗೆಯನ್ನೇ ನೋಡುತ್ತ ನಿಂತಿದ್ದರು. ಉದ್ದ ಸಟ್ಟುಗದಿಂದ ಒಮ್ಮೆ ಅಡಿಯಿಂದ ಎತ್ತಿ, ಎರಡು ಅಗುಳನ್ನು ಬೆರಳಲ್ಲಿ ಹಿಚುಕಿ ಕೈ ಎತ್ತಿದ್ದೇ ತಡ, ಅಪ್ಪ ಮತ್ತು ಇನ್ನೊಬ್ಬರು ಬೈರಾಸು ಮಡಚಿ ಕೊಪ್ಪರಿಗೆಯ ಕಿವಿಗೆ ಕೈ ಹಾಕಿದರು. ಬಿದಿರಿನ ದೊಡ್ಡ ಕುಡುಪಿಗೆ ಬಗ್ಗಿಸಿ ಬಸಿದಾಗ ತಿಳಿ ಬುಸ್ಸೆಂದು ಚರಂಡಿಗೆ ಹರಿಯಿತು. ಹಟ್ಟಿಯ ದನಗಳು ಅದರ ವಾಸನೆಗೆ ಕೂಗಿದವು. ಕಾಳಿನ ನಡುವೆ ಇನ್ನೂ ಸಣ್ಣ ಬಿಳಿ ಚುಕ್ಕೆಯಿತ್ತು. ನನಗೆ ಆಶ್ಚರ್ಯವಾಗಿ ಇದು ಬೆಂದಿಲ್ಲವಲ್ಲ ಎಂದೆ. ಅಪ್ಪ ರಾಶಿಯ ಮೇಲೆ ಬಾಳೆಲೆ ಮುಚ್ಚುತ್ತ, "ರಾಶಿಯ ಬೆಶಿಲಿಯೇ ಬೇವುತ್ತು" ಎಂದ. ನಿಜ. ಊಟದ ಹೊತ್ತಿಗೆ ಎಲೆ ಸರಿಸಿದಾಗ ಒಂದೊಂದು ಅಗುಳೂ ಅರಳಿತ್ತು. ಒಂದು ಕಿಲೋ ಅಕ್ಕಿಯ ಅನ್ನ ಹತ್ತು ಜನಕ್ಕೆ ಎಂಬ ಲೆಕ್ಕ ಅಪ್ಪನಿಗೆ ಬಾಯಿಗೆ ಬರುವುದು ಅಲ್ಲಿಂದಲೇ. ನಾನೂರು ಜನ ಎಂದರೆ ಎಷ್ಟು ಅಕ್ಕಿ, ಎಷ್ಟು ತೆಂಗಿನಕಾಯಿ, ಎಷ್ಟು ಮಜ್ಜಿಗೆ ಎಂದು ಅವನು ನಿಂತಲ್ಲೇ ಹೇಳುತ್ತಾನೆ.

ಒಬ್ಬನಿಗೆ ಎಷ್ಟು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾರ್ವಜನಿಕವಾಗಿ ಹತ್ತು ಜನರ ಎದುರು ಮಾಡಿದರೆ ಅಡಿಗೆ ಗಂಡಸಿನ ಕೆಲಸ, ಗೌರವದ ಕೆಲಸ; ಭಟ್ಟರಿಗೆ ದಕ್ಷಿಣೆಯಿದೆ, ಹೆಸರಿದೆ, ಇಂಥವರ ಕೈಯ ಸಾರು ಎಂದು ಹತ್ತು ವರ್ಷ ನೆನೆಯುವವರಿದ್ದಾರೆ. ಅದೇ ಅಕ್ಕಿ, ಅದೇ ನೀರು, ಅದೇ ಬೆಂಕಿ ಮನೆಯೊಳಗೆ ಬಂದಾಗ ಅದಕ್ಕೆ ಹೆಸರೂ ಇಲ್ಲ, ಲೆಕ್ಕವೂ ಇಲ್ಲ. ಇದು ಅನ್ಯಾಯ ಎಂದು ನಾನು ಯಾವತ್ತೋ ಹೇಳಬೇಕಿತ್ತು ಅನ್ನಿಸುತ್ತದೆ. ಅಪ್ಪ ಅಕ್ಕಿ ಅಳೆಯುವ ಕುಡ್ತೆ ಹಿಡಿದು ಅಡಿಗೆಮನೆಯಲ್ಲಿ ನಿಂತಾಗಲೇ ಅದು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬಿದ್ದದ್ದು.

ಅಂದಾಜು

ಅಮ್ಮ ಹೋದ ಮೇಲಿನ ಮೊದಲ ಶನಿವಾರ ನಾನು ಮನೆಗೆ ಬಂದಾಗ ಅಪ್ಪ ಆಗಷ್ಟೇ ಶುರು ಮಾಡುವುದರಲ್ಲಿದ್ದ. ಕೈಹಾಕಬಾರದು ಎಂದು ನಿರ್ಧರಿಸಿಯೇ ನಾನು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತೆ. ಅದು ಸುಲಭದ ಕೆಲಸವಾಗಿರಲಿಲ್ಲ. ಅಪ್ಪ ಅಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ನೀರು ಎಷ್ಟು?"

"ಅಂದಾಜಿಲಿ ಹಾಕುದು."

"ಅಂದಾಜು ಹೇಳಿರೆ ಎಷ್ಟು ಕುಡ್ತೆ?"

"ಎಷ್ಟು ಹೇಳಿ ಕೇಳಿರೆ ಎಂತ ಹೇಳುದು? ಆನು ಅಳದ್ದಿಲ್ಲೆ. ರಜ್ಜ ಹೆಚ್ಚೇ ಇರಲಿ, ಬಸಿವಲೆ ಇದ್ದನ್ನೆ."

ಅಮ್ಮನ ಹಿಂದೆ ಮಗು ಅಳುತ್ತಿತ್ತು. ಫೋನು ಅಲ್ಲಿಗೆ ನಿಂತಿತು. ಅಮ್ಮನದು ಹೇಳಿಕೊಡಲು ಮನಸ್ಸಿಲ್ಲದ ಮಾತಲ್ಲ. ಅವಳ ಅಳತೆ ಇದ್ದದ್ದು ಆ ಒಂದು ಪಾತ್ರೆಯಲ್ಲಿ, ನೀರು ಬೀಳುವ ಸದ್ದಿನಲ್ಲಿ, ಕೈಗೆ ಬರುವ ಭಾರದಲ್ಲಿ. ಬೆಂಗಳೂರಿನಲ್ಲಿ ಬೇರೆ ಪಾತ್ರೆ, ಬೇರೆ ಅಕ್ಕಿ. ತನಗೇ ಎರಡು ದಿನ ಹದ ತಪ್ಪಿತು ಎಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು.

ಆದರೆ ಅಪ್ಪ ಅಂದಾಜಿಗೆ ಒಪ್ಪುವವನಲ್ಲ. ಅದಕ್ಕೆ ಕಾರಣ ಅಡಿಕೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡುವಾಗ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಇದರಲ್ಲಿ ಅವನು ಕಣ್ಣಳತೆಗೆ ಹೋಗುವುದೇ ಇಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗಾಗಬಾರದು. ಇಷ್ಟು ಅಳತೆ ಮಾಡಿದ ಮೇಲೂ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾನೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಅಳತೆಯೂ ಬೇಕು, ಪರೀಕ್ಷೆಯೂ ಬೇಕು ಎಂಬುದು ಅವನ ಐವತ್ತು ವರ್ಷದ ಅಭ್ಯಾಸ. ಅಮ್ಮ ಕೊಟ್ಟದ್ದು ಪರೀಕ್ಷೆ ಮಾತ್ರ: ಒಂದು ಅಗುಳು ತೆಗೆದು ಹಿಚುಕಿ ನೋಡಿ. ಅಳತೆಯನ್ನು ಅವನೇ ಹುಡುಕಿಕೊಳ್ಳಬೇಕಾಯಿತು.

ಹೊಸದಾಗಿ ಅಡಿಗೆ ಕಲಿಯುವವರಿಗೆ ಅಂದಾಜು ಎಂಬ ಉತ್ತರ ಕೊಡಬಾರದು ಎಂದು ನನಗೆ ಬಲವಾಗಿ ಅನ್ನಿಸಿದ್ದು ಅವತ್ತು. ಅಂದಾಜು ನಿಜ, ಆದರೆ ಅದು ಕಲಿತು ಮುಗಿದವರ ಕೈಯಲ್ಲಿ ಇರುವಂಥದ್ದು. ಶುರು ಮಾಡುವವನಿಗೆ ಹಿಡಿದುಕೊಳ್ಳಲು ಒಂದು ಸಂಖ್ಯೆ ಬೇಕು, ತಪ್ಪು ಸಂಖ್ಯೆಯಾದರೂ ಸರಿ, ನಾಳೆ ಅದನ್ನು ತಿದ್ದಬಹುದು.

ಅಕ್ಕಿಯ ಚೀಲದ ಮೇಲೆ ಬರೆದದ್ದು ಉಪಯೋಗಕ್ಕೆ ಬರಲಿಲ್ಲ. ಅಪ್ಪ ಶಾಲೆ ಸೇರುವಾಗ ಕಾಸರಗೋಡು ಕೇರಳಕ್ಕೆ ಸೇರಿಯಾಗಿತ್ತು, ಆದರೂ ಅವನು ಓದಿದ್ದು ಕನ್ನಡದಲ್ಲೇ. ಪೇಟೆಯ ವ್ಯವಹಾರದಷ್ಟು ಮಲಯಾಳ ನಿರರ್ಗಳವಾಗಿ ಬರುತ್ತದೆ, ಓದಲು ಬರುವುದಿಲ್ಲ. ನಾನು ಫೋನಿನಲ್ಲಿ ಕನ್ನಡದ ಅಡಿಗೆಯ ವಿಡಿಯೋಗಳನ್ನು ಹುಡುಕಿ ಕೊಟ್ಟೆ. ಎಲ್ಲದರಲ್ಲೂ ಸೋನಾ ಮಸೂರಿ, ಎಲ್ಲದರಲ್ಲೂ ಪ್ರೆಶರ್ ಕುಕ್ಕರು, ಒಂದಕ್ಕೆ ಎರಡು ನೀರು, ಮೂರು ಸೀಟಿ. ಅಷ್ಟು ನೀರಲ್ಲಿ ಕುಚ್ಚಲಕ್ಕಿ ಅರ್ಧವೂ ಬೇಯುವುದಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಮಲಯಾಳದ ಒಬ್ಬ ಅಜ್ಜಿಯ ವಿಡಿಯೋ. ಅವರ ಒಲೆ, ಅವರ 'ಮಟ್ಟ' ಎಂಬ ಕೆಂಪು ಕುಚ್ಚಲಕ್ಕಿ, ಬಸಿಯುವ ರೀತಿ ಎಲ್ಲವೂ ನಮ್ಮದೇ. ಭಾಷೆಯಲ್ಲಿ ಬೆಂಗಳೂರಿನ ಕಡೆಗಿರುವ ನಾವು ಪಾತ್ರೆಯಲ್ಲಿ ಕಣ್ಣೂರಿನ ಕಡೆಗಿದ್ದೇವೆ. ಅಪ್ಪ ಇಡೀ ವಿಡಿಯೋವನ್ನು ಕನ್ನಡಕ ಹಾಕಿಕೊಂಡು, ನಡುವೆ ನಿಲ್ಲಿಸಿ ನಿಲ್ಲಿಸಿ, ಕೊನೆಯವರೆಗೆ ನೋಡಿದ.

ಒಂದು ಕುಡ್ತೆ ಅಕ್ಕಿ. ಆರು ಕುಡ್ತೆ ನೀರು. ಅಕ್ಕಿ ತೊಳೆಯುವಾಗ ಮಾತ್ರ ಅವನ ಕೈ ಹೊಸಬನದಾಗಿ ಕಾಣಲಿಲ್ಲ. ಬೀಜದ ಭತ್ತ ತೊಳೆಯುವಾಗಿನ ಹಾಗೆ ಐದೂ ಬೆರಳು ಬಿಡಿಸಿ ಅಡಿಯಿಂದ ಮೇಲೆತ್ತಿ, ತೇಲಿ ಬಂದದ್ದನ್ನು ಅಂಗೈಯ ಬದಿಯಿಂದ ಆಚೆ ತಳ್ಳಿದ. ತೊಳೆದ ನೀರನ್ನು ದನದ ಬಾಲ್ದಿಗೆ ಹೊಯ್ದ. ನೀರು ಮರಳಿದ ಮೇಲೆ ಅಕ್ಕಿ ಹಾಕಿದ, ಕೊಪ್ಪರಿಗೆಯಲ್ಲಿ ನೋಡಿದ ಹಾಗೆಯೇ. ಮುಚ್ಚಳ ಪೂರ್ತಿ ಮುಚ್ಚಿದ್ದರಿಂದ ಸ್ವಲ್ಪ ಹೊತ್ತಿಗೆ ನೊರೆ ಉಕ್ಕಿ ಗ್ಯಾಸಿನ ಒಲೆಗೆ ಹರಿದು ಉರಿ ಆರಿತು. ಅಪ್ಪ ಗಾಬರಿಯಾಗಲಿಲ್ಲ. ಒರೆಸಿ, ಮತ್ತೆ ಹಚ್ಚಿ, ಮುಚ್ಚಳವನ್ನು ಓರೆಯಾಗಿಟ್ಟು ನಡುವೆ ಸೌಟು ಅಡ್ಡ ಇಟ್ಟ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅಮ್ಮ ಹಾಗಿಡುವುದನ್ನು ಊಟಕ್ಕೆ ಕಾಯುತ್ತ ಎಷ್ಟು ವರ್ಷ ನೋಡಿದ್ದಾನೋ.

ಇಪ್ಪತ್ತೈದು ನಿಮಿಷಕ್ಕೆ ಒಂದು ಅಗುಳು ಹಿಚುಕಿದ. ನಡುವೆ ಬಿಳಿ ಚುಕ್ಕೆ. ಆ ಚುಕ್ಕೆ ಅವನಿಗೆ ಪರಿಚಯದ್ದು. ರಾಶಿಯ ಬಿಸಿಯಲ್ಲೇ ಬೇಯುತ್ತದೆ ಎಂದು ಗ್ಯಾಸು ಆರಿಸಿ, ಬಸಿದು, ತಟ್ಟೆ ಮುಚ್ಚಿಟ್ಟ. ಊಟಕ್ಕೆ ಕೂತಾಗ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಅಗಿದರೆ ಹಲ್ಲಿಗೆ ಅಕ್ಕಿಯೇ ಸಿಗುತ್ತದೆ. ನಾವಿಬ್ಬರೂ ಮಾವಿನ ಮಿಡಿ, ಮಜ್ಜಿಗೆ ಹಾಕಿಕೊಂಡು ಊಟ ಮಾಡಿದೆವು. ಅಪ್ಪ ಎಲ್ಲ ಉಂಡ. ಕೈ ತೊಳೆದು ಬಂದು ಕೇಳಿದ್ದು ಬೇರೆ ಪ್ರಶ್ನೆ: ಅಲ್ಲಿ ಬೆಂದದ್ದು ಇಲ್ಲಿ ಯಾಕೆ ಬೇಯಲಿಲ್ಲ?

ಪೆಟ್ಟಿಗೆ

ನನಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಅನ್ನ ಸರಿಯಾಗದಿದ್ದರೆ ನಾವೆಲ್ಲ ನೀರು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಸುಮ್ಮನಾಗುತ್ತೇವೆ. ಅಪ್ಪ ಎರಡು ದಿನ ಅದನ್ನೇ ಯೋಚಿಸಿದ. ಒಂದು ಕಾರಣ ಅವನಿಗೇ ಹೊಳೆಯಿತು: ಜಂಬರದ್ದು ಬೆಳ್ತಿಗೆ, ಇದು ಕುಚ್ಚಿಲು. ಇನ್ನೊಂದನ್ನು ನಾವು ಸೇರಿ ಬಿಡಿಸಿದೆವು. ಕೊಪ್ಪರಿಗೆಯಲ್ಲಿ ಮೂವತ್ತು ನಲವತ್ತು ಕಿಲೋ ಅಕ್ಕಿಯ ಅನ್ನ. ಅಷ್ಟು ದೊಡ್ಡ ರಾಶಿಯಲ್ಲಿ ಗಾಳಿಗೆ ತೆರೆದುಕೊಂಡಿರುವುದು ಮೇಲಿನ ಒಂದು ಪದರ ಮಾತ್ರ. ಒಳಗಿನ ಬಿಸಿ ಗಂಟೆಗಟ್ಟಲೆ ಹೊರಗೆ ಬರುವುದಿಲ್ಲ. ಒಂದು ಕುಡ್ತೆ ಅನ್ನಕ್ಕೆ ಒಳಗು ಎಂಬುದೇ ಇಲ್ಲ, ಬಸಿಯುವಷ್ಟರಲ್ಲಿ ಅರ್ಧ ಬಿಸಿ ಹೋಗಿರುತ್ತದೆ. ನೀರೂ ಅಷ್ಟೆ. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ, ಚಿಕ್ಕದರಲ್ಲಿ ಹೆಚ್ಚು. ಆದ್ದರಿಂದ ನೂರು ಜನದ ಲೆಕ್ಕವನ್ನು ನೂರರಿಂದ ಭಾಗಿಸಿದರೆ ಒಬ್ಬನ ಅನ್ನ ಸಿಗುವುದಿಲ್ಲ.

ಕುಚ್ಚಲಕ್ಕಿಯನ್ನು ನಲವತ್ತು ನಲವತ್ತೈದು ನಿಮಿಷ ಒಲೆಯ ಮೇಲೆ ಇಡಬಹುದು, ಗ್ಯಾಸಿನ ಖರ್ಚು ಬೇರೆ. ಆದರೆ ಅದಕ್ಕೆ ಉಪಾಯ ನಮ್ಮ ಅಟ್ಟದಲ್ಲೇ ಇತ್ತು. ಜನರಿಗೆ ವಿಜ್ಞಾನ ತಲುಪಿಸಲು 1962ರಲ್ಲಿ ಶುರುವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹೊಗೆಯಿಲ್ಲದ ಪರಿಷತ್ ಒಲೆಯ ಜತೆಗೆ ಊರೂರಿಗೆ ಪರಿಚಯಿಸಿದ ಚೂಡಾರಪ್ಪೆಟ್ಟಿಯ ವಿಷಯ ಈ ಕಡೆಯ ಹಿರಿಯರಿಗೆ ಗೊತ್ತಿದೆ. ಬಿಸಿ ಹೊರಗೆ ಹೋಗದ ಹಾಗೆ ಥರ್ಮೋಕೋಲು ಜೋಡಿಸಿದ ಪೆಟ್ಟಿಗೆ ಅದು. ಕುದಿಯುವ ಪಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಒಲೆಯಿಲ್ಲದೆ ಅನ್ನ ಬೇಯುತ್ತದೆ. ಈಗ ಅದೇ ತತ್ವದ ಸ್ಟೀಲಿನ ಥರ್ಮಲ್ ಕುಕ್ಕರು ಕೇರಳದ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ, ಎಷ್ಟೋ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದದ್ದು ಇದೆ. ನಮ್ಮಲ್ಲೂ ಇತ್ತು, ಅಮ್ಮ ಉಪಯೋಗಿಸುತ್ತಿರಲಿಲ್ಲ. ಅವಳಿಗೆ ಒಲೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಬೇಯಬೇಕು.

ಅಪ್ಪ ಅದನ್ನು ಇಳಿಸಿ, ತೊಳೆದು, ಒಳಗಿನ ಪಾತ್ರೆಯನ್ನು ಎತ್ತಿ ನೋಡಿ, ಹೊರಗಿನ ದಪ್ಪ ಗೋಡೆಯನ್ನು ಬೆರಳಲ್ಲಿ ಬಡಿದ. "ಇದು ಸಣ್ಣ ಅಶನವ ದೊಡ್ಡ ರಾಶಿಯ ಹಾಂಗೆ ಮಾಡುತ್ತು" ಎಂದ. ಕುದಿ ಬಂದ ಮೇಲೆ ಹದಿನೈದು ನಿಮಿಷ ಒಲೆಯಲ್ಲಿ, ಒಂದೂವರೆ ಗಂಟೆ ಪೆಟ್ಟಿಗೆಯಲ್ಲಿ. ಆ ಒಂದೂವರೆ ಗಂಟೆ ಅವನು ತೋಟದ ಒಂದು ಸಾಲಿಗೆ ನೀರು ತಿರುಗಿಸಿ ಬರುತ್ತಾನೆ. ತೆಗೆದಾಗ ಅಗುಳು ಉದ್ದಕ್ಕೆ ಸಣ್ಣಗೆ ಬಿರಿದಿತ್ತು, ಬೆರಳ ನಡುವೆ ಒತ್ತಿದರೆ ಪೂರ್ತಿ ಅರೆದುಹೋಗುತ್ತಿತ್ತು, ಆದರೆ ಒಂದಕ್ಕೊಂದು ಅಂಟಿರಲಿಲ್ಲ. ಬಸಿಯುವುದಕ್ಕೆ ಸ್ವಲ್ಪ ಕಷ್ಟಪಟ್ಟ. ಬಿಸಿ ಪಾತ್ರೆಯನ್ನು ಮುಚ್ಚಳ ಸಮೇತ ಓರೆ ಮಾಡಿ ಹಿಡಿಯುವಾಗ ಬೈರಾಸು ಜಾರುತ್ತದೆ, ಮಣಿಕಟ್ಟಿಗೆ ಆವಿ ಹೊಡೆಯುತ್ತದೆ. ಅಮ್ಮನ ಬಲಗೈ ಮಣಿಕಟ್ಟಿನಲ್ಲಿ ಬಣ್ಣ ಮಾಸಿದ ಒಂದು ಪಟ್ಟಿ ಇದೆ. ಅದು ಯಾವುದರ ಕಲೆ ಎಂದು ನಾನೂ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ. ಆವಿ ತಾಗಿದ ತನ್ನ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತ ಅಪ್ಪ ಅದನ್ನು ನೆನಪು ಮಾಡಿದ. ರಾತ್ರಿ ಫೋನಿನಲ್ಲಿ ಕೇಳಿದ ಕೂಡ. ಅಮ್ಮ, ಅದು ತುಂಬಾ ಹಳತು, ಮದುವೆಯಾಗಿ ಬಂದ ಹೊಸತರಲ್ಲಿ ಹದಿನಾಲ್ಕು ಜನರ ಮನೆಗೆ ಅಶನ ಬಸಿಯುವಾಗ ಆದದ್ದು ಎಂದಳು.

ಅಪ್ಪನದು ಮಳೆಯ ಲೆಕ್ಕ ಬರೆಯುವ ಒಂದು ಡೈರಿ ಇದೆ. ಯಾವ ದಿನ ಎಷ್ಟು ಮಿಲಿಮೀಟರು, ಯಾವ ದಿನ ಮದ್ದು ಬಿಟ್ಟದ್ದು, ಹೊಸ ಅಡಿಕೆಗೆ ಎಷ್ಟು, ಹಳತಕ್ಕೆ ಎಷ್ಟು. ಆ ಪುಟಗಳಲ್ಲಿ ಈಗ ಅನ್ನವೂ ಬಂದಿದೆ. ಅಕ್ಕಿ 1, ನೀರು 6, ಕುದಿ 15, ಪೆಟ್ಟಿಗೆ 90. ಕೆಳಗೆ ಒಂದು ಶಬ್ದ: ಉದುರು. ಮತ್ತೊಂದು ದಿನ ಪೆಟ್ಟಿಗೆ 120, ಗಂಜಿಗೆ ಒಳ್ಳೆಯದು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ದಿನವೂ ಆಗುತ್ತಿದ್ದ ಕೆಲಸವೊಂದು ಬರವಣಿಗೆಯಲ್ಲಿ ಸಿಕ್ಕಿದ್ದು ಇದೇ ಮೊದಲು. ಅದನ್ನು ನೋಡಿ ನನಗೆ ಸಂತೋಷವಾಯಿತು, ಜತೆಗೆ ಅಮ್ಮನದನ್ನು ಯಾರೂ ಯಾವತ್ತೂ ಬರೆದಿಡಲಿಲ್ಲವಲ್ಲ ಎಂದು ನೋವೂ ಆಯಿತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಅಮ್ಮ ಬಂದ ಮೇಲೆ

ಬಾಣಂತನ ಮುಗಿಸಿ ಅಮ್ಮ ಬಂದಾಗ ಊರವರ ಮಾತು "ಸದ್ಯ, ಅಪ್ಪನಿಗೆ ಇನ್ನು ಸಮ ಊಟ" ಎಂದಾಯಿತು. ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ, ಆದರೆ ರಾತ್ರಿಯ ಅನ್ನವನ್ನು ಬಿಟ್ಟೂ ಕೊಡಲಿಲ್ಲ. ಮೊದಮೊದಲು ಅಮ್ಮನಿಗೆ ಇದು ಹಿತವಾಗಿರಲಿಲ್ಲ. ತನ್ನ ಪಾತ್ರೆ ಬೇರೆ ಗೂಟದಲ್ಲಿದೆ, ಕುಡ್ತೆ ಅಕ್ಕಿಡಬ್ಬಿಯ ಒಳಗಿದೆ, ಉಪ್ಪಿನ ಭರಣಿಯ ಮುಚ್ಚಳ ಬದಲಾಗಿದೆ. ಐವತ್ತು ವರ್ಷ ಒಬ್ಬಳೇ ನಡೆಸಿದ ಜಾಗಕ್ಕೆ ಇನ್ನೊಬ್ಬರ ಕೈ ಬಂದರೆ ಕಸಿವಿಸಿಯಾಗದೆ ಇರುತ್ತದೆಯೇ? ಗಂಡಸರು ಅಡಿಗೆಮನೆಗೆ ಬರಲಿ ಎಂದು ಮಾತಾಡುವ ನಾವು ಈ ಕಸಿವಿಸಿಯನ್ನೂ ಗೌರವಿಸಬೇಕು ಅನ್ನಿಸುತ್ತದೆ ನನಗೆ. ಅದು ಅವಳಿಗೆ ಹೊರಿಸಿದ ಕೆಲಸ ಹೌದು, ಆದರೆ ಅವಳಿಗೆ ಪೂರ್ತಿ ತನ್ನದೆಂದು ಸಿಕ್ಕಿದ ಜಾಗವೂ ಅದೊಂದೇ. ಈಗ ಹೊಂದಿಕೊಂಡಿದ್ದಾರೆ. ಬೆಳಗ್ಗೆ ತೆಳ್ಳವು, ಮಧ್ಯಾಹ್ನದ ಅಡಿಗೆ ಅಮ್ಮನದು. ರಾತ್ರಿಯ ಗಂಜಿ ಅಪ್ಪನದು, ಜತೆಗೆ ಸುಟ್ಟ ಹಲಸಿನ ಹಪ್ಪಳ. ಆ ಹೊತ್ತಿಗೆ ಅಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತು ಮೊಮ್ಮಗುವನ್ನು ಫೋನಿನಲ್ಲಿ ಮಾತಾಡಿಸುತ್ತಾಳೆ. ತಂಗಿಯ ಗಂಡನೂ ಅನ್ನ ಇಡಲು ಕಲಿತಿದ್ದಾನೆ ಎಂದು ಹೇಳುವಾಗ ಅವಳ ದನಿಯಲ್ಲಿ ತಾನೇ ಕಲಿಸಿದ ಹೆಮ್ಮೆ ಇರುತ್ತದೆ. ಅವನಿಗೆ ಅವಳು ಲೋಟದ ಲೆಕ್ಕದಲ್ಲೇ ಹೇಳಿಕೊಟ್ಟಳಂತೆ, ಅಂದಾಜು ಎನ್ನಲಿಲ್ಲವಂತೆ.

ಗದ್ದೆ ಹೋಗಿ ತೋಟವಾದದ್ದರ ಬಗ್ಗೆ ಅಪ್ಪ ಹಿಂದೆ ಹೆಚ್ಚು ಮಾತಾಡುತ್ತಿರಲಿಲ್ಲ. ಲಾಭದ ಲೆಕ್ಕ ಸರಿಯಾಗಿತ್ತು, ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ, ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಅನ್ನ ಬೇಯಿಸಲು ಶುರು ಮಾಡಿದ ಮೇಲೆ ಅಂಗಡಿಯಲ್ಲಿ ಅಕ್ಕಿಯ ಚೀಲಕ್ಕೆ ಕೈ ಹಾಕಿ ಕಾಳು ಮುರಿದು ನೋಡುತ್ತಾನೆ, ಇದು ಯಾವ ಊರಿನದು, ಯಾವ ತಳಿ ಎಂದು ಕೇಳುತ್ತಾನೆ. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಪ್ಲಾಸ್ಟಿಕ್ ಚೀಲಗಳಲ್ಲೇ ಭತ್ತ ಬೆಳೆದು 650ಕ್ಕೂ ಹೆಚ್ಚು ನಾಟಿ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಸೀಮೆಯವರೆಲ್ಲ ಸಂಭ್ರಮಿಸಿದ್ದೇವೆ. ಅವರು ಶುರು ಮಾಡಿದ್ದು ರಾಜಕಯಮೆ ತಳಿಯಿಂದ. ನಮ್ಮ ಗದ್ದೆಯಲ್ಲೂ ಕಯಮೆ ಇತ್ತು, ಅದರ ಅನ್ನದ ರುಚಿಯೇ ಬೇರೆ ಎಂದು ಅಪ್ಪ ಹೇಳುತ್ತಾನೆ. ಈ ಸಲ ಬಾವಿಕಟ್ಟೆಯ ಹತ್ತಿರ ಅಡಿಕೆ ಸತ್ತ ಜಾಗದಲ್ಲಿ ನಾಲ್ಕು ಚೀಲ ಮಣ್ಣು ತುಂಬಿ ಇಟ್ಟಿದ್ದಾನೆ. ಬೀಜಕ್ಕೆ ಹೇಳಿಟ್ಟಿದ್ದಾನಂತೆ.

ಮೊನ್ನೆ ತಂದ ಚೀಲದ ಅಕ್ಕಿ ಹೊಸ ಬೆಳೆಯದು. ಹೊಸ ಅಕ್ಕಿ ಬೇಗ ಬೇಯುತ್ತದೆ, ತೊಂಬತ್ತು ನಿಮಿಷ ಬಿಟ್ಟರೆ ಮುದ್ದೆಯಾಗುತ್ತದೆ ಎಂದು ಅಮ್ಮ ಎಚ್ಚರಿಸಿದಳು. ಎಷ್ಟು ಕಡಿಮೆ ಮಾಡಬೇಕು ಎಂದು ಅಪ್ಪ ಡೈರಿ ಹಿಡಿದು ಕೇಳಿದ. ಅಮ್ಮ ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ಬಾಯಿಗೆ ಎರಡು ಕಾಳು ಹಾಕಿ ಕಡಿದು ನೋಡಿ, ಅರುವತ್ತೈದು ನಿಮಿಷ ಸಾಕು ಎಂದಳು. ಅಪ್ಪ ಬರೆದುಕೊಂಡ. ಎಪ್ಪತ್ತು ಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಇವತ್ತು ರಾತ್ರಿ ನೋಡುವವರಿದ್ದಾರೆ.